ಬಸಳೆಗೆ ಯಾರೂ ಕಟ್ಟು ಹಾಕಿಸಲಿಲ್ಲ

ಅಪ್ಪ ಅಮ್ಮ ಮದುವೆಯಾದ ಹೊಸತರಲ್ಲಿ ಸಾಗರದ ಪೇಟೆಗೆ ಹೋಗಿ ತೆಗೆಸಿದ ಫೋಟೊದಲ್ಲಿ ಇಬ್ಬರೂ ಒಂದು ರಾಜೋದ್ಯಾನದಲ್ಲಿ ನಿಂತಿದ್ದಾರೆ. ಹಿಂದೆ ಬಿಳಿ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಎರಡೂ ಬದಿಗೆ ಹೂಕುಂಡ, ಆಚೆ ಕೊಳ, ಕೊಳದಲ್ಲಿ ಒಂಟಿ ಹಂಸ, ಅದಕ್ಕೂ ಆಚೆ ಯಾವ ದೇಶದ್ದೆಂದು ಹೇಳಲಾಗದ ಒಂದು ಗೋಪುರ. ಅಪ್ಪನ ಮೈಮೇಲಿನ ಕೋಟು ಸ್ಟುಡಿಯೊದವರದ್ದು. ತೋಳು ಉದ್ದವಾಗಿ ಬೆರಳ ತುದಿ ಮಾತ್ರ ಹೊರಗಿದೆ. ಅಮ್ಮ ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಪರದೆ ನೆಲಕ್ಕೆ ತಾಗುವಲ್ಲಿ ಬಟ್ಟೆ ಸುಕ್ಕಾಗಿ ಕೊಳದ ನೀರು ಎರಡು ಮಡಿಕೆಯಾಗಿದೆ. ಹಂಸದ ಕೊಕ್ಕಿನ ಹತ್ತಿರ ಒಂದು ತೇಪೆ ಇದೆ. ಅದು ಕಾಣಬೇಕಾದರೆ ಫೋಟೊವನ್ನು ಗೋಡೆಯಿಂದ ಇಳಿಸಿ ಕಿಟಕಿಯ ಬೆಳಕಿಗೆ ಹಿಡಿಯಬೇಕು.

"ಆ ತೋಟ ಯಾರದ್ದಮ್ಮ?" ಎಂದು ಕೇಳಿದ್ದೆ.

"ಸ್ಟುಡಿಯೊದವರದ್ದು."

"ನೀರು ಯಾರು ಹಾಕ್ತಾರೆ?"

ಅಮ್ಮ ಬಾವಿಕಟ್ಟೆಯಲ್ಲಿ ಕೊಡ ಎಳೆಯುತ್ತಿದ್ದಳು. ರಾಟೆಯ ಕಿರುಗುಟ್ಟುವಿಕೆ ನಿಲ್ಲುವ ತನಕ ಕಾದು, "ಯಾರೂ ಹಾಕಲ್ಲ ಮಾರಾಯ. ಅದಕ್ಕೇ ಅದು ಅಷ್ಟು ಚಂದ ಇರೋದು" ಎಂದಳು.

ನಮ್ಮ ಮನೆಗೂ ತೋಟವಿತ್ತು. ಅಡಿಕೆ ತೋಟದ ಮಾತು ಬೇರೆ. ಅದು ಅಪ್ಪನ ಇಲಾಖೆ, ಅದರ ಮಾತೆಲ್ಲ ಕ್ವಿಂಟಾಲಿನ ಲೆಕ್ಕದಲ್ಲೇ. ನಾನು ಹೇಳುತ್ತಿರುವುದು ಹಿತ್ತಲಿನ ವಿಷಯ. ಬಚ್ಚಲ ನೀರು ಹರಿದುಹೋಗುವ ಕಡೆ ಬಸಳೆ ಚಪ್ಪರ, ಅದರ ಕಾಲಬುಡದಲ್ಲಿ ಕೆಸು, ಸ್ವಲ್ಪ ಆಚೆ ತೊಂಡೆ, ಬೇಲಿಯುದ್ದಕ್ಕೂ ದಾಸವಾಳ. ಬೇಲಿಯ ಮೇಲೆ ಹೀರೆ ಹಬ್ಬಿದರೆ ಅದು ಪಕ್ಕದ ಮನೆಯ ಹೀರೆಯೋ ನಮ್ಮದೋ ಎಂಬ ಚರ್ಚೆ ಕಾಯಿ ಬಿಟ್ಟ ಮೇಲೆ ಶುರುವಾಗುತ್ತಿತ್ತು. ಮಳೆಗಾಲ ಬಂತೆಂದರೆ ಡೇರೆ ಹೂವಿನ ಕಾಲ. ಮಲೆನಾಡಿನ ಹೆಂಗಸರು ಬಂಗಾರದ ವಿಷಯದಲ್ಲೂ ಅಷ್ಟು ಗುಟ್ಟು ಮಾಡುವುದಿಲ್ಲ. ಡೇರೆ ಗಡ್ಡೆಯ ವಿಷಯದಲ್ಲಿ ಮಾಡುತ್ತಾರೆ. ಹೊಸ ಬಣ್ಣದ ಗಡ್ಡೆಯೊಂದು ಯಾರ ಮನೆಯಿಂದ ಯಾರ ಮನೆಗೆ, ಯಾವ ಮದುವೆಮನೆಯ ಗಲಾಟೆಯಲ್ಲಿ, ಯಾರ ಸೀರೆಯ ಸೆರಗಿನಲ್ಲಿ ಹೋಯಿತು ಎಂಬುದು ಊರಿನ ಅಲಿಖಿತ ಇತಿಹಾಸ.

ಇಷ್ಟೆಲ್ಲ ಇದ್ದ ಹಿತ್ತಲಿನ ಒಂದೇ ಒಂದು ಚಿತ್ರ ನಮ್ಮ ಮನೆಯಲ್ಲಿಲ್ಲ. ಉಪನಯನಕ್ಕೆಂದು ಫೋಟೊಗ್ರಾಫರ್ ಮನೆಗೇ ಬಂದಾಗಲೂ ಅಮ್ಮ ಮೊದಲು ಮಾಡಿದ ಕೆಲಸ ಹಿತ್ತಲ ಬಾಗಿಲಿಗೆ ಅಗಳಿ ಹಾಕಿದ್ದು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಅದು ಚಿತ್ರವೂ ಅಲ್ಲ ಎಂಬುದನ್ನು ಹೇಳಲು ಮರೆತರೇನೋ.

ಆಮೇಲಿನ ವರ್ಷಗಳಲ್ಲಿ ಕೆಲಸದ ನೆಪದಲ್ಲೋ ಪ್ರವಾಸದ ನೆಪದಲ್ಲೋ ಮ್ಯೂಸಿಯಮ್ಮು, ಅರಮನೆ, ಕಲಾಗ್ಯಾಲರಿ ಎಂದು ಸುತ್ತಿದೆ. ಹೋಗಲಾಗದ ಕಡೆಯ ಚಿತ್ರಗಳನ್ನು ದಪ್ಪ ಪುಸ್ತಕಗಳಲ್ಲಿ ನೋಡಿದೆ. ಎಲ್ಲಿ ಹೋದರೂ ಒಂದು ಹಟ ಬೆನ್ನುಬಿಡಲಿಲ್ಲ: ಈ ಚಿತ್ರಗಾರರು ಬರೆದ ಅಷ್ಟೊಂದು ತೋಟಗಳಲ್ಲಿ ಒಂದಾದರೂ ಹಿತ್ತಲು ಸಿಗುತ್ತದೆಯೇ? ಕೊಡ ಹೊತ್ತವರು, ಕಳೆ ಕೀಳುವವರು, ಗೊಬ್ಬರದ ಬುಟ್ಟಿ ಹಿಡಿದವರು ಯಾರಾದರೂ ಇದ್ದಾರೆಯೇ?

ನಾಟಕದ ಪರದೆಗಳಲ್ಲಂತೂ ಇರಲಿಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಿಂದ ಹಿಡಿದು ಊರೂರಿನ ಮಂಡಳಿಗಳವರೆಗೆ ಎಲ್ಲರ ಹತ್ತಿರವೂ ಅರಮನೆ ಪರದೆ, ರಾಜಬೀದಿ ಪರದೆ, ಕಾಡಿನ ಪರದೆಗಳ ಜೊತೆ ಒಂದು ಉದ್ಯಾನದ ಪರದೆ ಇರಲೇಬೇಕಿತ್ತು. ನಾಯಕಿಗೆ ವಿರಹ ಬರಲು ಬೇರೆ ಜಾಗವೇ ಇರಲಿಲ್ಲ. ನಮ್ಮೂರಿನವರು ಒಮ್ಮೆ ರಾಮಾಯಣದ ನಾಟಕ ಆಡಿದಾಗ ಬಾಡಿಗೆಗೆ ತಂದ ಪರದೆಗಳಲ್ಲಿ ಅಶೋಕವನಕ್ಕೆ ಹೊಂದುವಂಥದ್ದು ಸಿಗಲಿಲ್ಲ. ಹಾಗಾಗಿ ಸೀತೆ ಕಾರಂಜಿಯ ಮುಂದೆ ಕುಳಿತು ಅತ್ತಳು. ಕಾರಂಜಿಯ ಹಿಂದೆ ಹಸಿರು ಬಣ್ಣದ ಕಬ್ಬಿಣದ ಬೆಂಚು ಬೇರೆ ಬರೆದಿತ್ತು. ಲಂಕೆಯಲ್ಲಿ ಮುನಿಸಿಪಾಲಿಟಿ ಇಷ್ಟು ಚೆನ್ನಾಗಿ ಕೆಲಸ ಮಾಡುವಾಗ ರಾವಣನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ ಎಂದು ನಮ್ಮಂಥ ಹುಡುಗರಿಗೆ ತಿಳಿಯಲಿಲ್ಲ.

ಮನೆಯೊಳಗಿನ ಗೋಡೆಯ ಮೇಲೆ ರವಿವರ್ಮನಿದ್ದ. 1894ರಲ್ಲಿ ಮುಂಬೈಯಲ್ಲಿ ಅವನ ಹೆಸರಿನ ಛಾಪಖಾನೆ ಶುರುವಾದ ಮೇಲೆ ದೇವರು, ದಮಯಂತಿ, ಶಕುಂತಲೆಯರೆಲ್ಲ ಅರಮನೆಯಿಂದ ಇಳಿದು ನಮ್ಮ ಪಡಸಾಲೆಗಳಿಗೆ ಬಂದರು. ದಮಯಂತಿ ಹಂಸದ ಹತ್ತಿರ ಗುಟ್ಟು ಮಾತಾಡುತ್ತಾಳೆ. ಮಾತಾಡಲಿ, ತಕರಾರಿಲ್ಲ. ನನಗೆ ಬೇಜಾರಿರುವುದು ಶಕುಂತಲೆಯ ವಿಷಯದಲ್ಲಿ. ಕಾಳಿದಾಸನ ನಾಟಕದ ಮೊದಲ ಅಂಕದಲ್ಲೇ ಆಕೆ ಗೆಳತಿಯರ ಜೊತೆ ಆಶ್ರಮದ ಗಿಡಗಳಿಗೆ ನೀರು ಹಾಕುತ್ತ ಬರುತ್ತಾಳೆ. ನಮ್ಮ ಪುರಾಣ ಸಾಹಿತ್ಯದ ನಾಯಕಿಯರಲ್ಲಿ ಹಿತ್ತಲ ಕೆಲಸ ಗೊತ್ತಿದ್ದವಳು ಅವಳು. ಅದನ್ನು ಬಿಟ್ಟು ರವಿವರ್ಮ ಆರಿಸಿಕೊಂಡದ್ದು, ದುಷ್ಯಂತನನ್ನು ಇನ್ನೊಮ್ಮೆ ತಿರುಗಿ ನೋಡಲು ಕಾಲಿಗೆ ಮುಳ್ಳು ಚುಚ್ಚಿದ ನೆಪ ಮಾಡುವ ಗಳಿಗೆಯನ್ನು. ಅಷ್ಟು ದೊಡ್ಡ ವನದಲ್ಲಿ ಆದ ಒಂದು ಗಾಯ, ಅದೂ ಸುಳ್ಳು! ಅಮ್ಮನ ಅಂಗಾಲಿನಲ್ಲಿ ನಿಂಬೆಮುಳ್ಳು ನಿಜವಾಗಿಯೇ ಮುರಿದುಕೊಂಡಾಗ ಅವಳು ಯಾರ ಭುಜಕ್ಕೂ ಕೈ ಕೊಡಲಿಲ್ಲ. ಸೂಜಿಯನ್ನು ಚಿಮಣಿ ದೀಪಕ್ಕೆ ಹಿಡಿದು ತಾನೇ ತೆಗೆದುಕೊಂಡು, ಅದೇ ನಿಂಬೆಯ ಹಣ್ಣು ಕೊಯ್ಯಲು ಮತ್ತೆ ಹೋದಳು.

ಬಿಜಾಪುರದ ಚಿತ್ರಗಾರರು ಬೇರೆ ಜಾತಿಯವರು. ಎರಡನೆಯ ಇಬ್ರಾಹಿಂ ಆದಿಲ್ ಶಾಹ 1580ರಿಂದ 1627ರವರೆಗೆ ಆಳಿದ. ಸಂಗೀತ, ಚಿತ್ರ ಎರಡರ ಹುಚ್ಚೂ ಇದ್ದವನು. ಅವನ ಕಾಲದ ಬಿಜಾಪುರದ ಒಂದು ಚಿತ್ರ ಈಗ ದೂರದ ಡಬ್ಲಿನ್‌ನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಒಬ್ಬ ಯೋಗಿನಿ, ಅವಳ ಕೈಯಲ್ಲಿ ಒಂದು ಮೈನಾ ಹಕ್ಕಿ, ಹಿಂದೆ ದೂರದಲ್ಲಿ ಬಿಳಿಯ ಅರಮನೆ. ಆದರೆ ಕಣ್ಣು ಹೋಗುವುದು ಪಕ್ಕದ ಹೂಗಿಡಗಳ ಕಡೆಗೆ. ಅವು ಅವಳೆತ್ತರಕ್ಕೆ ನಿಂತಿವೆ. ಒಂದೊಂದು ಹೂವು ಅವಳ ಮುಖಕ್ಕೇ ಪೈಪೋಟಿ ಕೊಡುವಷ್ಟಿದೆ. ಕಲಾಚರಿತ್ರೆ ಬರೆಯುವವರು ಇದನ್ನು ಕನಸಿನ ಲೋಕ, ದಖನಿ ಶೈಲಿಯ ಮೋಡಿ ಎಂದೆಲ್ಲ ವಿವರಿಸುತ್ತಾರೆ. ನನಗೆ ಅದರಲ್ಲಿ ಮೋಡಿ ಕಾಣಲಿಲ್ಲ. ಅಮ್ಮ ತನ್ನ ತಂಗಿಗೆ ಡೇರೆ ಹೂವಿನ ಗಾತ್ರ ವರ್ಣಿಸುವುದನ್ನು ಕೇಳಿದವನು ನಾನು. ಮೊದಲು ಅಂಗೈಯಗಲ, ಎರಡನೇ ಲೋಟ ಕಾಫಿಯ ಹೊತ್ತಿಗೆ ಊಟದ ತಟ್ಟೆಯಗಲ, ಚಿಕ್ಕಮ್ಮ ಬಸ್ಸು ಹತ್ತುವ ಹೊತ್ತಿಗೆ ಮೊರದಗಲ. ಬಿಜಾಪುರದ ಆ ಚಿತ್ರಗಾರನ ಮನೆಯಲ್ಲೂ ಇಂಥವರು ಯಾರೋ ಇದ್ದಿರಬೇಕು.

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಕತೆ ಇದಕ್ಕೆ ಉಲ್ಟಾ. ಟಿಪ್ಪು 1784ರಲ್ಲಿ ತೋಟದ ನಡುವೆ ಕಟ್ಟಿಸಿದ ಬೇಸಿಗೆ ಅರಮನೆ ಅದು, ಹೆಸರಿನಲ್ಲೇ ಬಾಗು ಇದೆ. ಪಡುವಣ ಗೋಡೆಯ ಮುಂದೆ ನಿಂತರೆ ಕಾಣುವುದು ಮಾತ್ರ 1780ರ ಪೊಳ್ಳಿಲೂರು ಯುದ್ಧ: ಕುದುರೆ, ಕತ್ತಿ, ತೋಪು, ಪಲ್ಲಕ್ಕಿಯಲ್ಲಿ ಕಂಗಾಲಾಗಿ ಕುಳಿತ ಕರ್ನಲ್ ಬೇಲಿ. ಹೊರಗೆ ಹೂವು, ಒಳಗೆ ರುಂಡ. ಮಾಡಿದವನ ತರ್ಕ ನನಗೆ ಒಪ್ಪಿಗೆಯೇ. ಬಾಗಿಲಾಚೆ ನಿಜದ ತೋಟವೇ ಇರುವಾಗ ಗೋಡೆಗೆ ಇನ್ನೊಂದು ತೋಟ ಬರೆಸುವುದು ದಂಡ.

ನನ್ನ ಹುಡುಕಾಟಕ್ಕೆ ಮೊದಲು ಜೀವ ಬಂದದ್ದು ಬಾಬರನಿಂದ. ದೊರೆಗಳಲ್ಲಿ ಅವನಷ್ಟು ತೋಟದ ಹುಚ್ಚು ಹಿಡಿಸಿಕೊಂಡವನು ಇನ್ನೊಬ್ಬ ಸಿಗುವುದು ಕಷ್ಟ. ಹಿಂದೂಸ್ಥಾನಕ್ಕೆ ಬಂದು ರಾಜ್ಯ ಗೆದ್ದವನು, ಗೆದ್ದ ಮೇಲೆ ಬರೆದದ್ದು ಇಲ್ಲಿ ಒಳ್ಳೆಯ ದ್ರಾಕ್ಷಿಯಿಲ್ಲ, ಖರ್ಬೂಜವಿಲ್ಲ, ಹರಿಯುವ ನೀರಿಲ್ಲ ಎಂಬ ದೂರುಗಳ ಪಟ್ಟಿ. ಸೊಸೆಯ ತವರಿಗೆ ಬಂದು ಅಡುಗೆಮನೆ ಇಣುಕುವ ಬೀಗರ ಗುಣ. ಅದಕ್ಕೂ ಮೊದಲು, 1508ರ ಸುಮಾರಿಗೆ, ಈಗಿನ ಅಫ್ಘಾನಿಸ್ತಾನದ ಜಲಾಲಾಬಾದಿನ ಬಳಿ ಅವನು ಬಾಗ್-ಎ-ವಫಾ ಎಂಬ ತೋಟ ಮಾಡಿಸಿದ್ದ. ಅಲ್ಲಿ ಬಾಳೆ ತರಿಸಿ ನೆಡಿಸಿದೆ, ಚೆನ್ನಾಗಿ ಬಂತು, ಕಬ್ಬೂ ನೆಡಿಸಿದೆ, ಅದೂ ಚೆನ್ನಾಗಿ ಬಂತು ಎಂದು ತನ್ನ ದಿನಚರಿಯಲ್ಲಿ ಹಿಗ್ಗಿನಿಂದ ಬರೆದುಕೊಂಡಿದ್ದಾನೆ. ಬಾಳೆ ಬಂದದ್ದಕ್ಕೆ ಇಷ್ಟು ಸಂಭ್ರಮವೇ ಎಂದು ನಮ್ಮಂಥವರಿಗೆ ಅನ್ನಿಸಬಹುದು. ನಮ್ಮಲ್ಲಿ ಬಚ್ಚಲ ಹಿಂದೆ ಎಸೆದ ಬಾಳೆಯೂ ಮೂರು ಕಂದು ಹಾಕುತ್ತದೆ. ಹಿಮ ಬೀಳುವ ಬೆಟ್ಟಗಳ ಬುಡದಲ್ಲಿ ಅದನ್ನು ಬೆಳೆಸಿದವನ ಹಿಗ್ಗು ಬೇರೆಯೇ.

ಬಾಬರ ತುರ್ಕಿ ಭಾಷೆಯಲ್ಲಿ ಬರೆದದ್ದನ್ನು ಮೊಮ್ಮಗ ಅಕ್ಬರನಿಗಾಗಿ ಅಬ್ದುಲ್ ರಹೀಮ್ ಖಾನ್-ಎ-ಖಾನಾ ಪಾರ್ಸಿಗೆ ತಂದು 1589ರಲ್ಲಿ ಒಪ್ಪಿಸಿದ. ಆಮೇಲೆ ಅದಕ್ಕೆ ಚಿತ್ರ ಬರೆಯುವ ಕೆಲಸ ನಡೆಯಿತು. ಬಾಗ್-ಎ-ವಫಾದ ಚಿತ್ರ ಎರಡು ಹಾಳೆಯಗಲಕ್ಕೂ ಹರಡಿದೆ. ಅದು ಈಗ ಇರುವುದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ. ರೂಪರೇಖೆ ಬಿಶನ್‌ದಾಸನದ್ದು, ಮುಖಗಳನ್ನು ಬರೆದವನು ನನ್ಹಾ.

ಈ ಚಿತ್ರದಲ್ಲಿ ಹೂವಿಗಿಂತ ಹೆಚ್ಚಾಗಿ ಕೆಲಸ ಇದೆ! ತೋಟವನ್ನು ನಾಲ್ಕು ಪಾಲು ಮಾಡಿದ ಕಾಲುವೆ, ಅದರ ಮಗ್ಗುಲಲ್ಲಿ ಇಬ್ಬರು ಅಳತೆಯ ದಾರ ಎಳೆದು ಹಿಡಿದಿದ್ದಾರೆ. ಒಬ್ಬ ಚೌಕ ಚೌಕ ಗೆರೆ ಹಾಕಿದ ನಕ್ಷೆಯ ಹಲಗೆ ಹಿಡಿದು ನಿಂತಿದ್ದಾನೆ. ಮಣ್ಣು ಅಗೆಯುವವನು ಬಗ್ಗಿದ್ದಾನೆ, ಬಗ್ಗಿದ ಬೆನ್ನು ಬಗ್ಗಿದ ಹಾಗೆಯೇ ಇದೆ, ಚಂದಕ್ಕೆಂದು ನೆಟ್ಟಗೆ ಮಾಡಿಲ್ಲ. ದಾಳಿಂಬೆ, ಕಿತ್ತಳೆ ಮರಗಳಲ್ಲಿ ಹಣ್ಣು. ಬಾಗಿಲ ಬಳಿ ಯಾರೋ ಬಂದು ಕಾಯುತ್ತಿದ್ದಾರೆ, ದೊರೆಗೆ ಅವರ ಕಡೆ ನೋಡಲು ಪುರುಸೊತ್ತಿಲ್ಲ. ಬಾಬರ ಮಾತ್ರ ನಿಂತಲ್ಲಿಂದ ಕೈ ತೋರಿಸಿ "ಅಲ್ಲಿ, ಅಲ್ಲಲ್ಲ, ಅಲ್ಲಿ" ಎನ್ನುತ್ತಿದ್ದಾನೆ. ತೋಟದ ಯಜಮಾನರು ಜಗತ್ತಿನಾದ್ಯಂತ ಒಂದೇ. ಅಪ್ಪ ಇಡೀ ಬದುಕು ಇದೇ ಭಂಗಿಯಲ್ಲಿ ನಿಂತಿದ್ದ. ಅವನನ್ನು ಬರೆಯಲು ಬಿಶನ್‌ದಾಸ ಸಿಗಲಿಲ್ಲ ಅಷ್ಟೆ.

ಯುರೋಪಿನ ತೋಟದ ಚಿತ್ರಗಳೆಂದರೆ ಎಲ್ಲರ ಬಾಯಲ್ಲೂ ಬರುವವನು ಮೊನೆ. ಅವನು 1883ರಲ್ಲಿ ಜಿವರ್ನಿ ಎಂಬ ಹಳ್ಳಿಯಲ್ಲಿ ಮನೆ ಬಾಡಿಗೆಗೆ ಹಿಡಿದ, 1890ರಲ್ಲಿ ಅದನ್ನೇ ಕೊಂಡ, 1893ರಲ್ಲಿ ರಸ್ತೆಯಾಚೆ ಇನ್ನಷ್ಟು ಜಾಗ ತೆಗೆದುಕೊಂಡು ಹೊಳೆಯ ಕವಲಿನಿಂದ ನೀರು ತಿರುಗಿಸಿ ನೈದಿಲೆಗೊಳ ಮಾಡಲು ಹೊರಟ. ಊರವರು ತಕರಾರು ತೆಗೆದರು. ಈ ಪರದೇಶದ ಗಿಡಗಳು ನೀರಿಗೆ ವಿಷ ಬಿಟ್ಟರೆ ನಮ್ಮ ದನಗಳ ಗತಿಯೇನು ಎಂದರು. ಮೊನೆ ಜಿಲ್ಲೆಯ ಅಧಿಕಾರಿಗೆ ಅರ್ಜಿ ಬರೆದ. ನೀರಿನ ಪಾಲಿಗೆ ಮೇಲಿನ ಮನೆಯವರು, ಕೆಳಗಿನ ಮನೆಯವರು, ಅರ್ಜಿ, ಮರು ಅರ್ಜಿ - ಇದನ್ನು ಓದಿದ ದಿನ ನನಗೆ ಫ್ರಾನ್ಸು ಒಮ್ಮೆಲೇ ಹತ್ತಿರವಾಯಿತು. ನಮ್ಮೂರಿನಲ್ಲಾಗಿದ್ದರೆ ಆ ಕೇಸು ಇನ್ನೂ ಶಿವಮೊಗ್ಗದಲ್ಲಿ ನಡೆಯುತ್ತಿರುತ್ತಿತ್ತು; ನೈದಿಲೆಯೂ ಇರುತ್ತಿರಲಿಲ್ಲ, ಚಿತ್ರವೂ ಇರುತ್ತಿರಲಿಲ್ಲ.

ಅಲ್ಲಿ ಕೊಳ ಆಯಿತು, ಮೇಲೊಂದು ಜಪಾನಿ ಸೇತುವೆಯೂ ಆಯಿತು. ಅದರಿಂದ ಸುಮಾರು 250 ನೈದಿಲೆಗೊಳದ ಚಿತ್ರಗಳು ಬಂದವು. ತೋಟಕ್ಕೆ ಹಲವು ಮಾಲಿಗಳು, ಅವರಲ್ಲಿ ಕೊಳಕ್ಕೆಂದೇ ಒಬ್ಬ. ಅವನು ದೋಣಿಯಲ್ಲಿ ಹೋಗಿ ಪಾಚಿ ತೆಗೆಯಬೇಕು, ಒಣಗಿದ ಎಲೆ ಕೀಳಬೇಕು, ಉಳಿದ ಎಲೆಗಳ ಧೂಳು ತೊಳೆಯಬೇಕು. ಹತ್ತಿರದ ಮಣ್ಣು ರಸ್ತೆಯಲ್ಲಿ ಮೋಟಾರು ಓಡಾಡಿ ಧೂಳೇಳುತ್ತದೆಂದು ಮೊನೆ ತನ್ನ ಖರ್ಚಿನಲ್ಲೇ ರಸ್ತೆಗೆ ಡಾಂಬರು ಹಾಕಿಸಿದ. ಕೊನೆಯ ದೊಡ್ಡ ಚಿತ್ರಗಳನ್ನು ಅವನು ದೇಶಕ್ಕೆ ಕೊಟ್ಟ. ಅವನು 1926ರ ಡಿಸೆಂಬರಿನಲ್ಲಿ ತೀರಿಕೊಂಡ ಮರುವರ್ಷ ಅವು ಪ್ಯಾರಿಸ್ಸಿನ ಒರಾಂಜರಿ ಮ್ಯೂಸಿಯಮ್ಮಿನ ಎರಡು ಅಂಡಾಕಾರದ ಕೋಣೆಗಳಲ್ಲಿ ಗೋಡೆ ತುಂಬ ಕುಳಿತವು. ಒಟ್ಟು ಉದ್ದ 90 ಮೀಟರಿಗೂ ಹೆಚ್ಚು.

ಮಗಳು ಅಲ್ಲಿಗೆ ಹೋದಾಗ ವಿಡಿಯೊ ಕಾಲ್ ಮಾಡಿ ಅಜ್ಜಿಗೆ ತೋರಿಸಿದಳು. ಅಮ್ಮ ಕನ್ನಡಕ ಏರಿಸಿ ನೋಡಿದಳು. ಮೊಬೈಲನ್ನು ಆ ಗೋಡೆಯಿಂದ ಈ ಗೋಡೆಗೆ ತಿರುಗಿಸಿ ಮುಗಿಸುವವರೆಗೂ ಸುಮ್ಮನಿದ್ದಳು.

"ಎಲೆ ತೊಳೆಯೋಕೇ ಒಬ್ಬ ಆಳು ಇದ್ದ ಅಂದ್ಯಲ್ಲ, ಅವನೆಲ್ಲಿ?" ಎಂದು ಕೇಳಿದಳು.

"ಅವನು ಚಿತ್ರದಲ್ಲಿಲ್ಲ ಅಜ್ಜಿ."

"ಅಷ್ಟುದ್ದ ಗೋಡೆ ಇದೆ, ಒಂದು ಮೂಲೇಲಿ ದೋಣಿ ಬರೆದಿದ್ರೆ ಎಂತ ಗಂಟು ಹೋಗ್ತಿತ್ತು?"

ಇದಕ್ಕಿಂತ ಒಳ್ಳೆಯ ಕಲಾವಿಮರ್ಶೆ ನಾನು ಆ ದಪ್ಪ ಪುಸ್ತಕಗಳಲ್ಲಿ ಓದಿಲ್ಲ. ಆದರೆ ಮೊನೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಅವನಿಗೆ ಕಣ್ಣಿನಲ್ಲಿ ಪೊರೆ ಬಂದು 1923ರಲ್ಲಿ ಆಪರೇಷನ್ ಆಯಿತು. ಪೊರೆಯ ಕಾಲದ ಚಿತ್ರಗಳಲ್ಲಿ ಹಸಿರೆಲ್ಲ ಕಂದಾಗಿ ಕೆಂಪಾಗಿ ಸೇತುವೆಯೇ ಗುರುತು ಸಿಗದಂತಾಗಿದೆ. ಕಾಣದ ಕಣ್ಣಲ್ಲೂ ಪ್ರತಿದಿನ ಕೊಳದ ದಡಕ್ಕೆ ಹೋಗುತ್ತಿದ್ದ ಮುದುಕನನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಅಮ್ಮನಿಗೂ ಪೊರೆ ಬಂದಿತ್ತು. ಆ ವರ್ಷ ಅವಳು ಕೈಯಲ್ಲಿ ಮುಟ್ಟಿ ಮುಟ್ಟಿ ತೊಂಡೆಕಾಯಿ ಕೊಯ್ಯುತ್ತಿದ್ದಳು.

ಮೊನೆಯ ಸಂಗಾತಿಗಳಲ್ಲೇ ಪಿಸಾರೊ ಎಂಬವನಿದ್ದ. ಅವನ ಹೆಸರು ಪೋಸ್ಟರುಗಳ ಮೇಲೆ ಅಷ್ಟಾಗಿ ಕಾಣುವುದಿಲ್ಲ, ಕಾರಣವೂ ಸ್ಪಷ್ಟ. ಪ್ಯಾರಿಸ್ಸಿನ ಹತ್ತಿರದ ಪೊಂತ್ವಾಜ್ ಎಂಬ ಊರಿನಲ್ಲಿದ್ದುಕೊಂಡು ಅವನು ಬರೆದದ್ದು ತರಕಾರಿ ಮಡಿಗಳನ್ನು. ಸಾಲು ಸಾಲು ಕೋಸು, ಮಣ್ಣು, ಕೆಲಸದಲ್ಲಿ ಬಗ್ಗಿದ ಹೆಂಗಸರು, ಹಿಂದೆ ಹಂಚಿನ ಮನೆ. 1874ರಲ್ಲಿ ಇವರೆಲ್ಲ ಸೇರಿ ಮೊದಲ ಪ್ರದರ್ಶನ ಮಾಡಿದಾಗ, ಇವರನ್ನು ಮೆಚ್ಚಿಕೊಂಡೇ ಬರೆದ ಕಸ್ತನ್ಯಾರಿ ಎಂಬ ವಿಮರ್ಶಕನಿಗೂ ಪಿಸಾರೊನ ಕಾಯಿಪಲ್ಲೆ ಪ್ರೀತಿಯನ್ನು ಸಹಿಸಲಾಗಲಿಲ್ಲ, ಕೋಸು ಬರೆಯಲೂ ಹಿಂಜರಿಯದವನು ಎಂದು ಕೊಂಕು ನುಡಿದ. ಗುಲಾಬಿ ಬರೆದರೆ ಕಲೆ, ಕೋಸು ಬರೆದರೆ ಕೊಂಕು. ಪಿಸಾರೊನಿಗೆ ಮನೆ ತುಂಬ ಮಕ್ಕಳು, ಕೈ ತುಂಬ ಸಾಲ. ಆ ಕೋಸು ಸಂಜೆಗೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಹಿತ್ತಲಿಗೊಬ್ಬ ಚಿತ್ರಗಾರ ಇದ್ದಾನೆ ಎಂದು ಆ ದಿನ ನಾನು ಊರಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ಕೋಸಿಗೆ ಹುಳ ಬಿದ್ದಿತ್ತಾ ಎಂದು ವಿಚಾರಿಸಿದಳು.

ಬೆಂಗಳೂರಿನಲ್ಲಿ ಇಷ್ಟು ವರ್ಷ ಇದ್ದು ಲಾಲ್‌ಬಾಗಿನ ಮಾತೆತ್ತದಿದ್ದರೆ ಅಪಚಾರ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಜಾನ್ ಕ್ಯಾಮರಾನ್ ಅಲ್ಲಿನ ಮೇಲ್ವಿಚಾರಕನಾಗಿದ್ದಾಗ, ಚೆಲುವಯ್ಯ ರಾಜು ಎಂಬ ಕಲಾವಿದ ಅಲ್ಲಿಯ ಗಿಡಗಳನ್ನು ಒಂದೊಂದಾಗಿ ಬಿಡಿಸಿಟ್ಟ. ಅದು ಗಿಡದ ಜಾತಿ ಗುರುತಿಸಲು ಬೇಕಾದ ಚಿತ್ರ. ಸೂರ್ಯಾಸ್ತ, ವಿರಹ, ಹಂಸ ಯಾವುದಕ್ಕೂ ಜಾಗವಿಲ್ಲ. ಬಿಳಿ ಹಾಳೆಯ ಮೇಲೆ ಗಿಡ ಒಂಟಿಯಾಗಿ ನಿಂತಿರುತ್ತದೆ, ಆಧಾರ್ ಕಾರ್ಡಿಗೆ ಫೋಟೊ ತೆಗೆಸಿಕೊಂಡವರ ಗಾಂಭೀರ್ಯ. ಆಮೇಲೆ 1908ರಲ್ಲಿ ಬರೋಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಮರದ ಹೂವು ಉದುರುವಾಗ ಇನ್ನೊಂದು ಜಾತಿ ಅರಳಬೇಕೆಂದು ಲೆಕ್ಕ ಹಾಕಿ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದ. ಬಣ್ಣ ಅರೆದವನು ಅವನು ಎನ್ನಬೇಕು. ಅದನ್ನು ಕ್ಯಾನ್‌ವಾಸಿಗೆ ಹಚ್ಚಿದವರು ರುಮಾಲೆ ಚೆನ್ನಬಸವಯ್ಯ.

ರುಮಾಲೆಯವರು ಹುಟ್ಟಿದ್ದು 1910ರಲ್ಲಿ, ದೊಡ್ಡಬಳ್ಳಾಪುರದಲ್ಲಿ. ಚಿತ್ರಕಲೆ ಕಲಿತರು, ಸ್ವಾತಂತ್ರ್ಯ ಚಳವಳಿಗೆ ಇಳಿದರು, ಪತ್ರಿಕೆ ನಡೆಸಿದರು, ಶಾಸಕರೂ ಆದರು. ಅಷ್ಟೆಲ್ಲ ಆದ ಮೇಲೆ ಮತ್ತೆ ಕುಂಚ ಹಿಡಿದು ರಸ್ತೆ ಬದಿಯಲ್ಲಿ, ಪಾರ್ಕಿನಲ್ಲಿ ಈಸಲ್ ಹೂಡಿಕೊಂಡು ಗುಲ್‌ಮೊಹರ್, ಜಕರಾಂಡ ಬರೆಯುತ್ತ ಕುಳಿತರು. ಶಾಸನಸಭೆ ಹೊಕ್ಕವರು ಹೊರಬಿದ್ದು ಮರದ ಕೆಳಗೆ ಕೂತ ಉದಾಹರಣೆ ನಮ್ಮ ರಾಜ್ಯದ ಇತಿಹಾಸದಲ್ಲಿ ಹೆಚ್ಚಿಲ್ಲ. ಮರದ ಕೆಳಗಿನ ಜಾಗ ಅಳೆಯಲು ಹೋದವರೇ ಹೆಚ್ಚು. 1988ರಲ್ಲಿ ಅವರು ತೀರಿಕೊಂಡರು. ಆ ಚಿತ್ರಗಳಲ್ಲಿ ಬಣ್ಣ ಎಷ್ಟು ಧಾರಾಳವಾಗಿದೆಯೆಂದರೆ ಮರ ಯಾವುದು, ಮರದಿಂದ ಉದುರಿ ರಸ್ತೆ ಮುಚ್ಚಿದ್ದು ಯಾವುದು ಎಂದು ಗೆರೆ ಎಳೆಯಲಾಗುವುದಿಲ್ಲ. ಆ ರಸ್ತೆಗಳಲ್ಲಿ ಕೆಲವಕ್ಕೆ ಈಗ ಹೋದರೆ ತಲೆಯ ಮೇಲೆ ಇರುವುದು ಮೆಟ್ರೊ ಕಂಬ. ಕೆಳಗೆ ನಿಂತು ಸಿಗ್ನಲ್ಲು ಬಿಡುವ ತನಕ ಆ ಕೆಂಪು ಎಲ್ಲಿತ್ತು, ನೇರಳೆ ಎಲ್ಲಿತ್ತು ಎಂದು ಅಂದಾಜು ಮಾಡುತ್ತೇನೆ. ಹಿಂದಿನವರು ಹಾರ್ನ್ ಮಾಡುತ್ತಾರೆ.

ಇಷ್ಟೆಲ್ಲ ವಾದ ಕಟ್ಟಿಕೊಂಡು, ಚಿತ್ರಗಾರರು ಹಿತ್ತಲಿಗೆ ಮಾಡಿದ ಅನ್ಯಾಯವನ್ನು ಅಮ್ಮನ ಮುಂದೆ ಒಂದು ರಜೆಯಲ್ಲಿ ವಿಸ್ತಾರವಾಗಿ ಮಂಡಿಸಿದೆ. ಅವಳು ಆಗ ಅಂಗಳದಲ್ಲಿ ಹಬ್ಬದ ರಂಗೋಲಿ ಹಾಕುತ್ತಿದ್ದಳು. ಹೆಬ್ಬೆರಳು ತೋರುಬೆರಳ ನಡುವೆ ಹಿಟ್ಟು ಜಾರಿ ಎಂಟು ಎಸಳಿನ ಕಮಲವೊಂದು ಅರಳುತ್ತಿತ್ತು. ನಮ್ಮ ಊರಿನ ಸುತ್ತ ಕಮಲ ಇದ್ದ ಕೆರೆಯೇ ಇರಲಿಲ್ಲ.

"ನೀನೂ ಕಮಲವನ್ನೇ ಬಿಡಿಸ್ತೀಯಲ್ಲಮ್ಮ! ಒಂದು ದಿನನಾದ್ರೂ ಬಸಳೆ ಬಿಡಿಸಿದ್ದುಂಟಾ?"

"ಎಂತಕ್ಕೆ ಬಿಡಿಸ್ಲಿ? ಬಸಳೆ ಕಂಡ್ರೆ ಹುಳಿ ನೆನಪಾಗತ್ತೆ. ಹುಳಿ ನೆನಪಾದ್ರೆ ಒಲೆ ನೆನಪಾಗತ್ತೆ, ಕಟ್ಟಿಗೆ ನೆನಪಾಗತ್ತೆ. ಬೆಳಗಾಗೆದ್ದು ಬಾಗಿಲಲ್ಲೇ ಅದನ್ನೆಲ್ಲ ಹಾಕ್ಕೊಂಡು ಕೂರ್ಲಾ? ಕಮಲಕ್ಕೆ ನಾನು ಗೊಬ್ಬರ ಹೊತ್ತಿಲ್ಲ. ಸುಮ್ನೆ ನೋಡಬಹುದು."

ನನ್ನ ವಾದದ ಬುಡ ಅಲ್ಲಾಡಿದ್ದು ಅಲ್ಲೇ. ಸ್ಟುಡಿಯೊದ ಹಂಸ, ರವಿವರ್ಮನ ಮುಳ್ಳು, ದೋಣಿಯಿಲ್ಲದ ನೈದಿಲೆಗೊಳ ಎಲ್ಲವೂ ಒಟ್ಟಾಗಿ ಅಮ್ಮನ ಪಕ್ಷ ಸೇರಿದವು. ಹಿತ್ತಲು ಚಿತ್ರದಲ್ಲಿರಬೇಕು ಎಂದು ಹಟ ಹಿಡಿದವನು ಹಿತ್ತಲಿಗೆ ಒಂದು ಕೊಡ ನೀರು ಹೊರದ ನಾನು. ಅವಳಿಗೆ ಅದು ಚಿತ್ರದಲ್ಲೂ ಬೇಡವಾಗಿತ್ತು.

ಆದರೂ ಒಂದು ಬುಟ್ಟಿಯ ಬಗ್ಗೆ ಹೇಳದೆ ಇರಲಾರೆ. ನಮ್ಮ ಕಡೆ ಭೂಮಿ ಹುಣ್ಣಿಮೆಗೆ, ಹೊಡೆ ತುಂಬಿದ ಭತ್ತದ ಗದ್ದೆಗೆ ಬಸುರಿ ಬಯಕೆ ಮಾಡುತ್ತಾರೆ. ದೀವರ ಸಮುದಾಯದ ಮನೆಗಳಲ್ಲಿ ಅದಕ್ಕೆ ಭೂಮಣ್ಣಿ ಬುಟ್ಟಿ ಸಿದ್ಧವಾಗುತ್ತದೆ. ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಅಕ್ಕ ಹಬ್ಬಕ್ಕೆ ಮುಂಚೆ ಬಿದಿರ ಬುಟ್ಟಿಗೆ ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ನೆನೆಸಿ ಅರೆದ ಅಕ್ಕಿಯ ಬಿಳಿಯಲ್ಲಿ ಚಿತ್ತಾರ ತೆಗೆಯುತ್ತಿದ್ದಳು. ಕುಂಚವೆಂದರೆ ಜಜ್ಜಿದ ಪುಂಡಿ ನಾರು. ಗೆರೆ ಎಳೆಯುವಾಗ ಅವಳು ಉಸಿರು ಬಿಡುತ್ತಿರಲಿಲ್ಲ. ಗೆರೆ ಮುಗಿದ ಮೇಲೆ ಉಸಿರು, ಆಮೇಲೆ ಮಾತು, ಮತ್ತೆ ಗೆರೆ. ಒಂದರ ಮಗ್ಗುಲಲ್ಲಿ ಒಂದು, ಕೂದಲೆಳೆ ಸಂದಿಯಿಟ್ಟು ಸಾಗುವ ಆ ಗೆರೆಗಳಲ್ಲಿ ಭತ್ತದ ಸಸಿಯಿತ್ತು, ಏಣಿಯಿತ್ತು, ಮನುಷ್ಯರಿದ್ದರು. ರಾತ್ರಿಯಿಡೀ ಅಡುಗೆ. ಹಿತ್ತಲಲ್ಲಿ, ಬೇಲಿಯಲ್ಲಿ, ಕಾಡಂಚಿನಲ್ಲಿ ಸಿಗುವ ಸೊಪ್ಪುಗಳನ್ನೆಲ್ಲ ಸೇರಿಸಿ ಬೇಯಿಸಿದ ಬೆರಕೆ ಸೊಪ್ಪು ಆ ಬುಟ್ಟಿಯೊಳಗೆ ಹೋಗುತ್ತಿತ್ತು. ನಸುಕಿನಲ್ಲೇ ಅದು ತಲೆಯೇರಿ ಗದ್ದೆಗೆ ಹೊರಡುತ್ತಿತ್ತು. ಹೊರಗೆ ಚಿತ್ತಾರ, ಒಳಗೆ ಹಿತ್ತಲು. ಅವಳ ಸೊಪ್ಪಿಗೆಂದು ನಮ್ಮ ಹಿತ್ತಲಿನಿಂದಲೂ ಒಂದು ಹಿಡಿ ಬಸಳೆ ಹೋಗುತ್ತಿತ್ತು, ಅಮ್ಮನೇ ಕೊಯ್ದು ಕೊಡುತ್ತಿದ್ದಳು. ಆ ಬುಟ್ಟಿಯನ್ನು ಯಾರೂ ಕಟ್ಟು ಹಾಕಿಸಿ ಗೋಡೆಗೆ ತೂಗಲಿಲ್ಲ. ಮಾರನೆಯ ದಿನದಿಂದ ಅದು ಅಟ್ಟದ ಮೇಲೆ.

ಈಗ ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್ ನೀರಿಗೆ ಕೊಡುವ ದುಡ್ಡು ಹೆಚ್ಚಿ, ಕಾಂಪೌಂಡಿನ ಪಕ್ಕದ ಹೂಪಾತಿ ಒಣಗಿಹೋಯಿತು. ಸಂಘದ ಸಭೆಯಲ್ಲಿ ಬಹಳ ಹೊತ್ತು ಚರ್ಚೆ ನಡೆದು, ಹೂಪಾತಿ ಉಳಿಸುವುದಕ್ಕಿಂತ ಆ ಗೋಡೆಯ ಮೇಲೆ ತೋಟವೊಂದನ್ನು ಬರೆಸುವುದು ಅಗ್ಗ ಎಂದು ತೀರ್ಮಾನವಾಯಿತು. ಒಬ್ಬರಿಗೆ ಟ್ಯೂಲಿಪ್ ಬೇಕಿತ್ತು, ಕಾಶ್ಮೀರಕ್ಕೆ ಹೋಗಿಬಂದವರು. ಇನ್ನೊಬ್ಬರು ವಾಸ್ತು ಪ್ರಕಾರ ಆ ದಿಕ್ಕಿಗೆ ಕಮಲ ಒಳ್ಳೆಯದೆಂದರು. ಖಜಾಂಚಿಯವರು ಚದರಡಿಗೆ ಎಷ್ಟು ಎಂದರು. ಕೊನೆಗೆ ಚಿತ್ರಕಲಾ ಶಾಲೆಯಲ್ಲಿ ಓದುವ ಹುಡುಗನೊಬ್ಬ ಬಣ್ಣದ ಡಬ್ಬಿಗಳ ಜೊತೆ ಬಂದ. ನಮ್ಮ ಮಾಲಿ ರಾಯಚೂರು ಕಡೆಯವನು. ಇಷ್ಟು ದಿನ ಆ ಪಾತಿಗೆ ನೀರು ಬಿಟ್ಟವನು ಒಣಗಿದ ಪಾತಿಯ ಅಂಚಿನಲ್ಲಿ ಕುಂತು ನೋಡಿದ. ಟ್ಯೂಲಿಪ್ ಆಯಿತು, ಕಮಲ ಆಯಿತು, ಚಿಟ್ಟೆ ಆಯಿತು.

"ಹಂಗ ಒಂದು ನಳಾನೂ ತಗೀರಿ" ಎಂದ.

ಹುಡುಗ ನಕ್ಕು, ಗೋಡೆಯ ಬಲಮೂಲೆಯಲ್ಲಿ ಹಿತ್ತಾಳೆಯ ನಳವೊಂದನ್ನು ನೆರಳು ಸಮೇತ ತೆಗೆದ. ತುದಿಯಲ್ಲಿ ಬೀಳಲು ಸಿದ್ಧವಾದ ಒಂದು ಹನಿಯನ್ನೂ ಇಟ್ಟ. ಕಾರ್ಯದರ್ಶಿಗಳಿಗೆ ಇದು ಅನುಮೋದನೆಯಾದ ನಕ್ಷೆಯಲ್ಲಿ ಇಲ್ಲದ್ದು ಎಂದು ಸಿಟ್ಟು ಬಂತು. ಅಳಿಸಲು ಮತ್ತೆ ದುಡ್ಡು ಕೊಡಬೇಕೆಂದು ಖಜಾಂಚಿಯವರು ತಿಳಿಸಿದ ಮೇಲೆ ಸಿಟ್ಟು ಇಳಿಯಿತು. ಮೊನ್ನೆ ಬಿಸಿಲಲ್ಲಿ ಪಾರ್ಸೆಲ್ ತಂದ ಹುಡುಗನೊಬ್ಬ ಖಾಲಿ ಬಾಟಲಿ ಹಿಡಿದು ನೇರ ಅದರ ಹತ್ತಿರಕ್ಕೇ ಹೋದ. ಮಾಲಿ ಕೂತಲ್ಲಿಂದಲೇ ಹೇಳಿದ:

"ಅದಕ್ಕ ನೀರು ಬಿಡೋದು ಸೋಮವಾರ, ತಮ್ಮಾ."